ಠಾಣೆಯ ಲಾಠಿ ಮತ್ತು ನಮ್ಮ ಮೌನ

ಬಾವಿಯ ಮೋಟಾರು ಕಳುವಾಯಿತೆಂದರೆ ಚಿದ್ರಿಯಿಂದ ಔರಾದಿನವರೆಗೆ ಯಾವ ಊರ ಕಟ್ಟೆಯ ಮೇಲೂ ಮೊದಲು ಬರುವ ಮಾತು ಒಂದೇ: "ಆ ಆಳುಮಗನ್ನ ಫೌಜದಾರರ ಕೈಗೆ ಕೊಡ್ರಿ, ನಾಲ್ಕು ಬಿಗಿದ್ರ ತಾನೇ ಬಾಯಿ ಬಿಡ್ತಾನ." ಹೀಗೆ ಹೇಳುವವರು ಬೇರೆ ಯಾರೂ ಅಲ್ಲ, ಹೊಲ ಇರುವ ನಾವೇ.

ರೈತ ಬಾಂಧವರೇ, ಲಾಠಿಗೆ ಕೂಲಿಯವನ ಬೆನ್ನು, ಹೊಲದೊಡೆಯನ ಬೆನ್ನು ಎಂಬ ಭೇದವಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ಅನ್ಯಾಯದ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. 2016ರ ಜುಲೈಯಲ್ಲಿ, ಮಹದಾಯಿ ನೀರಿನ ಹೋರಾಟದ ಹೊತ್ತಿನಲ್ಲಿ, ಅದೇ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರು, ಮುದುಕರೆನ್ನದೆ ಬಡಿದರು. ಕೆಲವರನ್ನು ಅಮಾನತು ಮಾಡಿದರು. ಆದರೆ ಅಮಾನತು ಶಿಕ್ಷೆಯೇನ್ರೀ?

ದೂರ ಯಾಕೆ, ನಮ್ಮ ಬೀದರಿನಲ್ಲೇ 2020ರಲ್ಲಿ ಶಾಲೆಯ ಒಂದು ನಾಟಕಕ್ಕಾಗಿ ರಾಜದ್ರೋಹದ ಕೇಸು ಹಾಕಿದರು. ಸಮವಸ್ತ್ರದ ಪೊಲೀಸರು ಎಳೆ ಮಕ್ಕಳನ್ನು ಕೂಡಿಸಿ ಪ್ರಶ್ನೆ ಕೇಳಿದರು. ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ತಾಯಿಯನ್ನೂ ಜೈಲಿಗೆ ಹಾಕಿದರು. 2023ರಲ್ಲಿ ಹೈಕೋರ್ಟು ಕೇಸನ್ನೇ ರದ್ದು ಮಾಡಿತು. ಜೈಲಿನಲ್ಲಿ ಕಳೆದ ದಿನಗಳನ್ನು ಯಾರು ತಿರುಗಿ ಕೊಡುತ್ತಾರೆ? ನಿಜಾಮನ ಆಳ್ವಿಕೆ 1948ರಲ್ಲೇ ಮುಗಿಯಿತು. ಠಾಣೆಯ ಒಳಗೋಣೆಯಲ್ಲಿ ಮಾತ್ರ ಇನ್ನೂ ಮುಗಿದಿಲ್ಲ.

ಕಾನೂನು ಇಲ್ಲವೆಂದಲ್ಲ. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವೇ ಹೇಳಿದೆ. 1996ರ ಡಿ. ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು: ಬಂಧನದ ಪತ್ರ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ಕಸ್ಟಡಿಯಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು. 2006ರಲ್ಲಿ ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಬೇಕೆಂದಿತು. 2020ರಲ್ಲಿ ಪ್ರತಿ ಠಾಣೆಗೂ ಸಿ.ಸಿ.ಟಿ.ವಿ. ಕಡ್ಡಾಯ ಮಾಡಿತು. ಹೊಡೆದು ಹೇಳಿಸಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸಾಲದ ಬಾಕಿ ಸಿವಿಲ್ ವ್ಯವಹಾರ. ಸಾಹುಕಾರನ ಮಾತು ಕೇಳಿ ರೈತನನ್ನು ಠಾಣೆಯಲ್ಲಿ ಕೂಡಿಸಿ ವಸೂಲಿ ಮಾಡುವ ಅಧಿಕಾರ ಯಾವ ಫೌಜದಾರನಿಗೂ ಇಲ್ಲ.

ಇಷ್ಟೆಲ್ಲ ಕಾಗದದ ಮೇಲಿದ್ದೂ ಏಟು ನಿಂತಿಲ್ಲ. ಯಾಕೆಂದರೆ ಕೇಳುವವರಿಲ್ಲ. ಹೊಡೆದವನ ವಿಚಾರಣೆಯನ್ನು ಬಹಳ ಸಲ ಅವನ ಇಲಾಖೆಯೇ ಮಾಡುತ್ತದೆ. ಏಟು ತಿಂದವನ ಪರ ಸಾಕ್ಷಿ ಹೇಳಲು ಊರು ಹೆದರುತ್ತದೆ.

ಬಂಧನದ ಪತ್ರಕ್ಕೆ ಮನೆಯವರು ಇಲ್ಲವೇ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು. ಆ ಗೌರವಸ್ಥ ಯಾರು? ಪಹಣಿಯಲ್ಲಿ ಹೆಸರಿರುವ ನಾವೇ ಅಲ್ಲವೇ? ಆಳುಮಗನನ್ನು ಠಾಣೆಗೆ ಒಯ್ದ ದಿನ ನಾವು ನಾಲ್ವರು ಹೋಗಿ, "ಸಾಹೇಬ್ರ, ಪತ್ರ ತೋರಸ್ರಿ, ಡಾಕ್ಟರಿಗೆ ತೋರಿಸೀರೇನು?" ಎಂದು ಕೇಳಿದರೆ ಎತ್ತಿದ ಲಾಠಿ ತಡೆದೀತು. ಇಂದು ಅವನಿಗಾಗಿ ಕೇಳದವರು, ನಾಳೆ ತೊಗರಿಯ ಬೆಲೆಗಾಗಿ ರಸ್ತೆಗಿಳಿದು ವ್ಯಾನು ಹತ್ತಿದಾಗ ತಮಗಾಗಿ ಯಾರು ಬರಬೇಕೆಂದು ಬಯಸುತ್ತಾರೆ?