ಕವರ್ ಸಾಕು, ನಮ್ಮ ಬದಿಯ ಹಾಡು ಬೇಕು

ಫೆಸ್ಟ್‌ನಲ್ಲಿ ಕನ್ನಡ ರಾಕ್ ಅಂದ್ರೆ ಇವತ್ತಿಗೂ ನೆನಪಾಗೋದು ರಘು ದೀಕ್ಷಿತ್. ಅವರ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಮರುವರ್ಷ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ. ಬೀಟಲ್ಸ್ ಹುಟ್ಟಿದ ನಾಡು ಲುಂಗಿ, ಗೆಜ್ಜೆ ತೊಟ್ಟ ಮೈಸೂರಿನ ಗಾಯಕನಿಗೆ ತಲೆದೂಗಿತು.

ನನಗೆ ಪ್ರಶಸ್ತಿಗಿಂತ ದೊಡ್ಡದು ಅನ್ನಿಸೋದು ಬೇರೆ. 19ನೇ ಶತಮಾನದ ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದ್ದರು. ಈ ಆಲ್ಬಂ ಅದೇ ಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ನಮ್ಮ ಇಯರ್‌ಫೋನಿಗೂ ತಂತು.

ನಾವೇನು ಮಾಡ್ತಿದ್ದೇವೆ? ಅದೇ ಹಾಡುಗಳ ಕವರ್! ಶರೀಫರು ಹಾವೇರಿ ಸೀಮೆಯವರು. ನಮ್ಮ ಬದಿಗೆ ಏನು ಕಮ್ಮಿ? ಮುರ್ಡೇಶ್ವರದಿಂದ ಹೊನ್ನಾವರದ ದಾರಿ ಹಿಡಿದರೆ ಗುಣವಂತೆಯಲ್ಲಿ ಕೆರೆಮನೆ ಮೇಳದ ಚಂಡೆ. ಇನ್ನೂ ಮುಂದೆ ಅಂಕೋಲಾದಲ್ಲಿ ಹಾಲಕ್ಕಿಗಳ ಗುಮಟೆ. ನೂರಾರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಪದ್ಮಶ್ರೀ ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡರು. ಹೀಗೆ ಹಾಡಬಲ್ಲ ಅಜ್ಜಿಯರು ಒಬ್ಬೊಬ್ಬರೇ ಹೋಗ್ತಿದ್ದಾರೆ.

ಗಿಟಾರ್ ಸೇರಿಸಿದರೆ ಜಾನಪದ ಕೆಡುತ್ತೆ ಅನ್ನೋರಿದ್ದಾರೆ. ಅವರ ಭಯ ಸುಳ್ಳಲ್ಲ. ಯೂಟ್ಯೂಬ್ ನೋಡಿ ಅರ್ಧಂಬರ್ಧ ಹಾಡಿದರೆ ಕೆಟ್ಟೇ ಕೆಡುತ್ತೆ. ಆದರೆ ಹಾಡುವವರ ಜಗಲಿಯಲ್ಲಿ ಕೂತು, ಕೇಳಿ, ಕಲಿತು, ವೇದಿಕೆಯಲ್ಲಿ ಅವರ ಹೆಸರು ಹೇಳಿ ಹಾಡಿದರೆ? ಯಾರೂ ಹಾಡದೆ ಸಾಯೋದಕ್ಕಿಂತ ಅದು ಎಷ್ಟೋ ವಾಸಿ.

ಬ್ಯಾಂಡಿನವರೇ, ಮುಂದಿನ ಫೆಸ್ಟ್‌ಗೆ ಒಂದು ಕವರ್ ಕಮ್ಮಿ ಮಾಡಿ. ಆ ಐದು ನಿಮಿಷ ನಮ್ಮ ಕರಾವಳಿಯ ಹಾಡಿಗೆ ಕೊಡಿ.