ಗೊತ್ತಿದ್ದೂ ಹೇಳದ ಮನೆಗಳು

ನಮ್ಮೂರು ಹೊನ್ನಾಳಿ ಎಂದ ಕೂಡಲೇ ಹೊರಗಿನವರು ನಗುತ್ತಾ 'ಓ, ಹೊನ್ನಾಳಿ ಹೊಡೆತ!' ಎನ್ನುತ್ತಾರೆ. ಈ ಊರಿಗೆ ಸೊಸೆಯಾಗಿ ಬಂದು 26 ವರ್ಷವಾಯಿತು, ನಾನು ಕಂಡ ಹೊಡೆತ ಒಂದೇ, ಅದು ಮಾತಿನದು. ಬೆಳಿಗ್ಗೆ ತುಂಗಭದ್ರೆಯ ಸೇತುವೆಯಾಚೆ ಯಾರಾದರೂ ಜಾರಿ ಬಿದ್ದರೆ, ಅವರು ಎದ್ದು ಮನೆ ಸೇರುವಷ್ಟರಲ್ಲಿ ಯಾವ ಕಾಲು, ಎಷ್ಟು ಊತ ಎಂಬುದೆಲ್ಲ ಮನೆಯವರಿಗೆ ತಲುಪಿರುತ್ತದೆ.

ಇಂಥ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದು, ಎಲ್ಲರಿಗಿಂತ ಕಡಿಮೆ ಮಾತಾಡಬೇಕಾದ ಕೆಲವು ಮನೆಗಳಿವೆ. ವಕೀಲರ ಮನೆ, ಡಾಕ್ಟರ ಮನೆ, ಮೇಷ್ಟ್ರ ಮನೆ, ಬ್ಯಾಂಕ್ ಮ್ಯಾನೇಜರರ ಮನೆ. ಪಿಯುಸಿ ಮುಗಿಸಿದ ಮಕ್ಕಳನ್ನು ಕರೆದುಕೊಂಡು 'ಮೇಡಂ, ಮುಂದೆ ಏನು ಓದಿಸೋಣ?' ಎಂದು ಬರುವ ತಂದೆತಾಯಿಗಳು ಸೀಟು, ಫೀಸು, ಸಂಬಳ, ಹಾಸ್ಟೆಲ್ ಊಟ ಎಲ್ಲವನ್ನೂ ಕೇಳುತ್ತಾರೆ. ಆ ಕೆಲಸ ಮನೆಯೊಳಗೆ ಬಂದು ಕೂತಾಗ ಹೇಗಿರುತ್ತದೆ ಎಂದು ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ನಮ್ಮವರು ವಕೀಲರು. ಮನೆಯ ಪಡಸಾಲೆಯೇ ಅವರ ಆಫೀಸು. ಪಡಸಾಲೆಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಹಲಗೆಯ ಬಾಗಿಲು, ಮಳೆಗಾಲದಲ್ಲಿ ಉಬ್ಬಿಕೊಂಡು ಅದೂ ಪೂರ್ತಿ ಮುಚ್ಚುವುದಿಲ್ಲ. ನಾಲ್ಕು ಲೋಟ ಚಹಾ ಹಿಡಿದು ಹೋದಾಗ ಅಳುತ್ತಿದ್ದವರು ಸೆರಗಿನಲ್ಲಿ ಮುಖ ಒರೆಸಿಕೊಂಡು 'ಅಕ್ಕಾ, ಚೆನ್ನಾಗಿದ್ದೀರಾ?' ಎನ್ನುತ್ತಾರೆ. ನಾನೂ ಏನೂ ಕಾಣದವಳಂತೆ 'ಚೆನ್ನಾಗಿದ್ದೀನಿ, ಸಕ್ಕರೆ ಸಾಕಾ?' ಎನ್ನುತ್ತೇನೆ.

ಕಕ್ಷಿದಾರ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ವಕೀಲ ಹೊರಗೆ ಹೇಳುವಂತಿಲ್ಲ ಎಂಬುದು 1872ರ ಸಾಕ್ಷ್ಯ ಅಧಿನಿಯಮದ 126ನೇ ಕಲಂ. ಕೇಸು ಮುಗಿದ ಮೇಲೂ ಆ ಬಾಯಿಗೆ ಬೀಗವೇ. 127ನೇ ಕಲಮಿನಲ್ಲಿ ವಕೀಲರ ಗುಮಾಸ್ತರಿಗೂ ಆಳುಗಳಿಗೂ ಇದೇ ಕಟ್ಟು. 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದು ಇವೆರಡೂ 132ನೇ ಕಲಮಿನಲ್ಲಿ ಸೇರಿಕೊಂಡವು. ಅಪರಾಧ ಮಾಡುವುದಕ್ಕೆಂದೇ ವಕೀಲನಿಗೆ ಹೇಳಿದ ಮಾತಿಗೆ ಈ ರಕ್ಷಣೆ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಗಮನಿಸಿ, ಗುಮಾಸ್ತನ ಹೆಸರಿದೆ, ಆಳಿನ ಹೆಸರಿದೆ, ಚಹಾ ತರುವ ಹೆಂಡತಿಯ ಹೆಸರು ಎಲ್ಲಿಯೂ ಇಲ್ಲ. ಹಿಂದಿನ 122ನೇ ಕಲಂ, ಈಗಿನ 128, ಗಂಡಹೆಂಡಿರ ನಡುವಿನ ಮಾತನ್ನು ಕಾಪಾಡುತ್ತದೆ ನಿಜ. ಆದರೆ ಅವರೇ ಪರಸ್ಪರ ಕೋರ್ಟಿಗೆ ಹೋದರೆ ಅದೂ ಇಲ್ಲ! ಈ ಕಾರಣಕ್ಕೋ ಏನೋ, ನಮ್ಮವರು ನನಗೆ ಕೇಸಿನ ವಿಷಯ ಒಂದಕ್ಷರ ಹೇಳುವುದಿಲ್ಲ. ಬಾಗಿಲ ಸಂದಿಯಿಂದ ಬಂದು ಕಿವಿಗೆ ಬಿದ್ದದ್ದು ನನ್ನ ಕರ್ಮ.

ನಮ್ಮ ಕಡೆ ಗದ್ದೆ, ಅಡಿಕೆ ತೋಟ ಇರುವ ಮನೆಗಳಲ್ಲಿ ಪಾಲಿನ ಕೇಸು ಹೊಸದಲ್ಲ. ಹೊಸದಾಗಿದ್ದು ಹೆಣ್ಣುಮಕ್ಕಳು ಪಡಸಾಲೆಗೆ ಬಂದದ್ದು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಆ ಬೇಲಿಯನ್ನು ಕಿತ್ತಿತು. 2015ರಲ್ಲಿ ಸುಪ್ರೀಂ ಕೋರ್ಟು, ಆ ದಿನ ತಂದೆ ಬದುಕಿದ್ದರೆ ಮಾತ್ರ ಎಂದಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಹಾಗಲ್ಲ, ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಪುಸ್ತಕದಲ್ಲಿ ಇದು ನಾಲ್ಕು ಸಾಲು. ಊರಿನಲ್ಲಿ ಇದು ಗೌರಿ ಹಬ್ಬಕ್ಕೆ ತವರಿನ ಕರೆ ನಿಂತುಹೋದ ಎಷ್ಟೋ ಮನೆಗಳು.

ಅಂಥದ್ದೊಂದು ಮನೆಯ ಹುಡುಗಿ ನನ್ನ ಮಗಳ ಗೆಳತಿ. ಗುರುತು ಸಿಗದಷ್ಟು ಬದಲಿಸಿ ಹೇಳುತ್ತಿದ್ದೇನೆ. ಇಬ್ಬರೂ ಒಂಬತ್ತನೇ ತರಗತಿ, ಒಂದೇ ಬೆಂಚು. ಆ ಹುಡುಗಿಯ ಸೋದರತ್ತೆ ಅಣ್ಣನ ಮೇಲೆ ಪಾಲಿಗೆ ದಾವೆ ಹೂಡಿದರು. ವಕಾಲತ್ತು ನಮ್ಮವರದು. ಶುಕ್ರವಾರ ಅವರ ಮನೆಗೆ ಸಮನ್ಸ್ ಹೋಯಿತು, ಶನಿವಾರ ಆ ಹುಡುಗಿ ಹಿಂದಿನ ಬೆಂಚಿಗೆ ಹೋಗಿ ಕೂತಳು.

ಮಗಳು ಮನೆಗೆ ಬಂದು ಬ್ಯಾಗ್ ಎಸೆದು ಕೇಳಿದ್ದು ಒಂದೇ ಪ್ರಶ್ನೆ. "ಹೋದ ವಾರ ಅವಳ ಹುಟ್ಟಿದಹಬ್ಬಕ್ಕೆ ನೀವೇ ನನ್ನನ್ನ ಸ್ಕೂಟರಲ್ಲಿ ಬಿಟ್ಟು ಬಂದ್ರಲ್ಲ ಅಪ್ಪ, ಆವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ನಿನ್ನ ಮುಖ ನೋಡಿಯೇ ಅವರು ತಿಳ್ಕೊಳ್ತಿದ್ರು. ಆ ಹೆಣ್ಣುಮಗಳು ನನ್ನ ನಂಬಿ ಬಂದೋರು."

"ಹಂಗಾದ್ರೆ ಏನಾದ್ರೂ ನೆಪ ಹೇಳಿ ಕಳಿಸದೇ ಇರಬೇಕಿತ್ತು. ನಾನು ಅವರ ಮನೇಲಿ ಕೂತು ಹೋಳಿಗೆ ತಿಂದು ಬಂದೆ!"

ನಮ್ಮವರು ಅದಕ್ಕೆ ಉತ್ತರ ಕೊಡಲಿಲ್ಲ. ಸುಳ್ಳು ನೆಪವೂ ಒಂದು ಸುಳಿವೇ ಆಗುತ್ತಿತ್ತು ಎಂದು ರಾತ್ರಿ ನನ್ನ ಹತ್ತಿರ ಹೇಳಿದರು. ನ್ಯಾಯ ಅವರ ಕಡೆಯೇ ಇತ್ತು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಅದರ ಬೆಲೆ ಕೊಟ್ಟವಳು ಹದಿನಾಲ್ಕು ವರ್ಷದ ಹುಡುಗಿ, ಅವಳು ಯಾವ ಸನದಿಗೂ ಸಹಿ ಹಾಕಿದವಳಲ್ಲ. ದಾವೆ ವರ್ಷಗಟ್ಟಲೆ ನಡೆದು ರಾಜಿಯಾಯಿತು. ಅಣ್ಣ ತಂಗಿ ಮತ್ತೆ ಮಾತಾಡುತ್ತಾರೆ. ಹುಡುಗಿಯರು ಆ ಬೆಂಚಿಗೆ ಮತ್ತೆ ಬರಲಿಲ್ಲ.

ಡಾಕ್ಟರ ಮನೆಯ ಕಷ್ಟ ಇನ್ನೊಂದು ಬಗೆಯದು. ರೋಗಿಯ ಗುಟ್ಟನ್ನು ವೈದ್ಯರು ಬಿಟ್ಟುಕೊಡಬಾರದು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ 2017ರ ಕಾಯಿದೆಯಂತೂ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಬರೆದಿದೆ. ಡಾಕ್ಟರು ಬಾಯಿ ಬಿಡುವುದಿಲ್ಲ, ಸರಿ. ಹೊರಗಿನ ಬೆಂಚು ಬಿಡುತ್ತದಲ್ಲ! ಯಾರ ಪಕ್ಕ ಯಾರು ಕೂತಿದ್ದರು, ಒಳಗೆ ಎಷ್ಟು ಹೊತ್ತಿದ್ದರು ಎಂಬ ಲೆಕ್ಕ ಸಂಜೆಯೊಳಗೆ ಊರಿನ ಕೈಯಲ್ಲಿರುತ್ತದೆ. ಹಾಗಾಗಿ ಜನ ಬಸ್ಸು ಹತ್ತುತ್ತಾರೆ. 1997ರ ಆಗಸ್ಟ್ 15ರಂದು ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗವನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಕಚೇರಿ ಕೆಲಸಗಳೆಲ್ಲ ಆ ಕಡೆ ತಿರುಗಿದವು. ದಾವಣಗೆರೆ ಬಸ್ಸಿನಲ್ಲಿ ಕೂತರೆ ಗುರುತಿನವರು ನಾಲ್ಕು ಮಂದಿಯಾದರೂ ಸಿಗುತ್ತಾರೆ. ಅದಕ್ಕೇ ಇರಬೇಕು, ನಿದ್ದೆ ಬರದವರು, ಮಕ್ಕಳಾಗದವರು, ಮನಸ್ಸು ಕುಗ್ಗಿದವರು ಇನ್ನೂ ಬೆಳಗಿನ ಶಿವಮೊಗ್ಗದ ಬಸ್ಸಿಗೇ ಹೋಗುತ್ತಾರೆ. ಕೇಳಿದರೆ 'ಬಟ್ಟೆ ತರೋಕೆ' ಎನ್ನುತ್ತಾರೆ. ಸಂಜೆ ಬರಿಗೈಯಲ್ಲಿ ಇಳಿದವರನ್ನು 'ಎಲ್ರೀ ಬಟ್ಟೆ?' ಎಂದು ಕೇಳದಿರುವುದು ನಮ್ಮೂರಿಗೆ ಇನ್ನೂ ಬಂದಿಲ್ಲದ ವಿದ್ಯೆ.

ಆವತ್ತು ಬ್ಯಾಗ್ ಎಸೆದ ಮಗಳು ಈಗ ಹೌಸ್ ಸರ್ಜನ್. ರಾತ್ರಿ ಫೋನ್ ಮಾಡಿದಾಗ 'ಇವತ್ತು ಏನೇನು ಕೇಸು ಬಂತೇ?' ಎಂದರೆ, 'ಅಮ್ಮ, ಸಾರು ಏನು ಮಾಡಿದ್ದೀ?' ಎನ್ನುತ್ತಾಳೆ. ಅಪ್ಪನದೇ ಧಾಟಿ.

ಇನ್ನು ನನ್ನ ಕೆಲಸ. ಮೇಷ್ಟ್ರುಗಳಿಗೆ ಇಂಥ ಕಲಂ ಇಲ್ಲ, ಗುಟ್ಟುಗಳು ಮಾತ್ರ ಬೇಕಾದಷ್ಟಿವೆ. ಹಿಂದೆ ಫಲಿತಾಂಶವನ್ನು ಬೋರ್ಡಿಗೆ ಅಂಟಿಸುತ್ತಿದ್ದರು, ನೋಡಬೇಕಾದರೆ ಕಾಲೇಜಿನವರೆಗೆ ನಡೆದು ಬರಬೇಕಿತ್ತು. ಈಗ ಕಿರುಪರೀಕ್ಷೆಯ ಅಂಕಗಳೂ ತರಗತಿಯ ವಾಟ್ಸಾಪ್ ಗುಂಪಿಗೆ ಬೀಳುತ್ತವೆ. ಮೊದಲು ಬಂದವನ ಅಮ್ಮನಿಗೆ ಸಂತೋಷ, ಕೊನೆಗೆ ಬಂದವನ ಮಾವನಿಗೂ ಸುದ್ದಿ. ನಾನು ಹಾಕುವುದಿಲ್ಲ. ಪೋಷಕರು ಬೇಸರ ಮಾಡಿಕೊಳ್ಳುತ್ತಾರೆ. ತಮ್ಮ ಮಗುವಿನ ಅಂಕ ತಿಳಿಯಲು ಅವರಿಗೆ ಪೂರ್ತಿ ಹಕ್ಕಿದೆ, ಬಂದರೆ ತೋರಿಸುತ್ತೇನೆ. ಅವರಿಗೆ ಬೇಕಾಗಿರುವುದು ಪಕ್ಕದ ಮನೆಯವರದು.

'ನನ್ನ ಮಗ ನಿಮ್ಮ ಹತ್ತಿರ ಏನು ಹೇಳಿದ?' ಎಂದು ಕೇಳುವ ತಂದೆಯರು ಬರುತ್ತಾರೆ. ವಿಜ್ಞಾನ ಬೇಡ, ಕಲಾ ವಿಭಾಗಕ್ಕೆ ಹಾಕಿ ಎಂದು ಹುಡುಗ ಅತ್ತಿರುತ್ತಾನೆ. 'ನೀವೇ ಅವನನ್ನ ಕೇಳಿ, ಕೇಳುವಾಗ ಕೂತು ಕೇಳಿ' ಎಂದು ಕಳಿಸುತ್ತೇನೆ.

ವಿದ್ಯಾರ್ಥಿಗಳೇ, ನೀವೂ ಒಂದು ತಿಳಿದಿರಬೇಕು. 'ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಮಿಸ್' ಎಂದು ನೀವು ಶುರು ಮಾಡಿದರೆ ನಾನು ಆಣೆ ಮಾಡುವುದಿಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೋ ಕಾಯಿದೆಯ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ ಶಿಕ್ಷೆಯೂ ಇದೆ. ಮೊದಲೇ ಇದನ್ನು ಹೇಳಿಬಿಡುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಎದ್ದು ಹೋದವರ ಹಿಂದೆ ಬಾಗಿಲವರೆಗೆ ಹೋಗಿ, ಮತ್ತೆ ಬಾ ಎನ್ನುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬಳು ಎದ್ದು ಹೋಗಲಿಲ್ಲ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. 17 ತುಂಬಿತ್ತು, ಮುಂದಿನ ಸೋಮವಾರಕ್ಕೆ ಮದುವೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನೇ, ಬೆಂಗಳೂರಿನಲ್ಲಿ ಕೆಲಸ. ತಂದೆ ನಮ್ಮ ಬೀದಿಯವರು. ಹಬ್ಬಕ್ಕೆ ನಮ್ಮ ಮನೆಗೆ ಮಾವಿನೆಲೆ ತಂದುಕೊಡುತ್ತಿದ್ದವರು, ನಮ್ಮವರ ಹಳೆಯ ಕಕ್ಷಿದಾರರು ಕೂಡ. "ಎಂಟು ತಿಂಗಳು ತಡೀರಿ ಅಂದೆ ಮಿಸ್, ಕೇಳಲಿಲ್ಲ. ಪರೀಕ್ಷೆ ಬರೀಬೇಕು ನಾನು" ಎಂದಳು. ಪ್ರಾಂಶುಪಾಲರಿಗೆ ತಿಳಿಸಿ, ಅವರ ಕೋಣೆಯಿಂದಲೇ 1098ಕ್ಕೆ ಫೋನ್ ಮಾಡಿದೆ. ಕರೆ ಮಾಡಿದವರ ಹೆಸರು ಹೊರಬೀಳುವುದಿಲ್ಲ ಎಂದರು. ಬೀಳಲೂ ಇಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯವರು ಮನೆಗೆ ಹೋಗಿ ಮಾತಾಡಿ ಮುಚ್ಚಳಿಕೆ ಬರೆಸಿಕೊಂಡರು. ಮದುವೆ ನಿಂತಿತು.

ಆ ಸಂಜೆ ಅವಳ ತಂದೆ ನಮ್ಮ ಪಡಸಾಲೆಗೆ ಬಂದರು. ನಾನು ಅಡುಗೆಮನೆಯಲ್ಲಿದ್ದೆ. ಅವರು ಏನು ಕೇಳಿದರು, ನಮ್ಮವರು ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಚಹಾ ತೆಗೆದುಕೊಂಡು ಹೋದೆ. ಅವರು ಲೋಟ ಮುಟ್ಟಲಿಲ್ಲ.

ಹುಡುಗಿ ಆ ವರ್ಷ ಪರೀಕ್ಷೆ ಬರೆದಳು. ಈಗ ಬಿ.ಕಾಂ. ಓದುತ್ತಿದ್ದಾಳೆ. ಸಂತೆಯಲ್ಲಿ ಅವಳ ತಂದೆ ಎದುರಾದರೆ ಸೊಪ್ಪು ಆರಿಸುವುದರಲ್ಲಿ ಬಹಳ ಹೊತ್ತು ಮುಳುಗಿರುತ್ತಾರೆ. ನಾನು ಪಕ್ಕದ ಅಂಗಡಿಯಲ್ಲಿ ಬದನೆಕಾಯಿ ತೂಗಿಸಿಕೊಂಡು ಬರುತ್ತೇನೆ.