ಗುಜರಿಗೆ ಬಿದ್ದ ಗರುಡ

ಕಾಗಾಲದ ಕಡಲಂಚಿನಲ್ಲಿ ಬೋರಲಾಗಿ ಬಿದ್ದ ಹಳೆಯ ದೋಣಿಯನ್ನು ಕೊಳ್ಳಬಂದವನು ಮೊದಲು ಅದರ ತಳವನ್ನು ತಟ್ಟಿ ನೋಡುತ್ತಾನೆ. ನೀರಿಗಿಳಿಯುವಂತಿದ್ದರೆ ಅದಕ್ಕೆ ದೋಣಿಯ ಬೆಲೆ. ಇಲ್ಲವಾದರೆ ಸೌದೆಯ ಬೆಲೆ. ಹಳೆಯ ಯುದ್ಧವಿಮಾನಗಳ ವ್ಯಾಪಾರಕ್ಕೂ ಇದೇ ನ್ಯಾಯವುಂಟು.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಕಾನಪುರದಲ್ಲಿ ಅಮೆರಿಕದ ಲಿಬರೇಟರ್ ಬಾಂಬರುಗಳು ಅನೇಕ ಉಳಿದವು. ಮತ್ತೆ ಹಾರಬಾರದೆಂದು ಅವನ್ನು ಬೇಕೆಂದೇ ಕೆಡಿಸಲಾಗಿತ್ತು. ಗುಜರಿಯ ದರಕ್ಕೆ ಹೋಗಬೇಕಾಗಿದ್ದ ಆ ರಾಶಿಯಿಂದ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಸುಮಾರು ನಲವತ್ತನ್ನು ಉಳಿಸಿಕೊಂಡರು. ಅಲ್ಲಿಯೇ ಅಷ್ಟಿಷ್ಟು ದುರಸ್ತಿ ಮಾಡಿದ ವಿಮಾನಗಳನ್ನು ಪೈಲಟ್ ಜಮಶೇದ್ ಮುನ್ಷಿಯವರು ಬೆಂಗಳೂರಿಗೆ ಹಾರಿಸಿ ತಂದರು. 1948ರಲ್ಲಿ ವಾಯುಪಡೆಯನ್ನು ಸೇರಿದ ಇವು 1968ರವರೆಗೆ ಸೇವೆ ಸಲ್ಲಿಸಿದವು.

ಅಷ್ಟರಲ್ಲಿ, 18,000ಕ್ಕೂ ಮಿಕ್ಕಿ ತಯಾರಾಗಿದ್ದ ಲಿಬರೇಟರುಗಳಲ್ಲಿ ಬಹುಪಾಲು ಬೇರೆ ದೇಶಗಳಲ್ಲಿ ಕರಗಿ ಲೋಹದ ಗಟ್ಟಿಗಳಾಗಿದ್ದವು. ಆದುದರಿಂದಲೇ ಇಲ್ಲಿ ಉಳಿದವುಗಳಿಗೆ ಬೆಲೆ ಬಂದಿತು. ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯ ಒಂದನ್ನು ಭಾರತದಿಂದ ಪಡೆಯಿತು. ಮತ್ತೊಂದನ್ನು 1981ರಲ್ಲಿ ಬ್ರಿಟಿಷ್ ಸಂಗ್ರಾಹಕರೊಬ್ಬರು ಕೊಂಡೊಯ್ದರು. 1984ರಲ್ಲಿ ಅದು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಕೈಸೇರಿ, 1989ರಲ್ಲಿ ಮರಳಿ ಹಾರಿತು. ಅದಕ್ಕೆ ತಗುಲಿದ ದುಡಿಮೆ ಸುಮಾರು 97,000 ಗಂಟೆ. ಒಬ್ಬನೇ ಕೆಲಸಗಾರ ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ ಮುನ್ನೂರು ದಿನ ದುಡಿದರೆ ಅವನಿಗೆ ನಲವತ್ತು ವರ್ಷ ಹಿಡಿಯುತ್ತಿತ್ತು!

ಆದುದರಿಂದ ಜಾಣ ಗಿರಾಕಿ ಮೇಲಿನ ಬಣ್ಣಕ್ಕೆ ಮರುಳಾಗುವುದಿಲ್ಲ. ರೆಕ್ಕೆಯ ತೊಲೆಯನ್ನು ಸವಕಳಿ ತಿಂದಿದೆಯೆ, ಎಂಜಿನ್ನಿನ ಬಿಡಿಭಾಗಗಳು ದೊರೆಯುವುವೆ, ವಿಮಾನದ ಗುರುತನ್ನು ಸಾರುವ ದಾಖಲೆಗಳಿವೆಯೆ ಎಂದು ವಿಚಾರಿಸುತ್ತಾನೆ. ಮುಂದೆ ತೆರಬೇಕಾದ ಕೂಲಿಯನ್ನು ಕಳೆದು ಉಳಿದುದೇ ಅವನು ಕೊಡುವ ಬೆಲೆ. ಎಷ್ಟೋ ವೇಳೆ ದುರಸ್ತಿಯ ವೆಚ್ಚವು ಹಾರುವ ವಿಮಾನದ ಬೆಲೆಯನ್ನೇ ಮೀರುವುದುಂಟು.

ಈ ಲೆಕ್ಕ ಕರಾವಳಿಯವರಿಗೆ ದೂರದ ಮಾತಲ್ಲ. 1988ರಿಂದ 2017ರವರೆಗೆ ನೌಕಾಪಡೆಯಲ್ಲಿದ್ದ ಟುಪೊಲೆವ್ ಮಾದರಿಯ ವಿಮಾನವೊಂದು ಇಂದು ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕೆ ನಿಂತಿದೆ. ಉಪ್ಪುಗಾಳಿ ವಿಮಾನದ ಲೋಹಕ್ಕೆ ಕಡುವೈರಿ. ವರ್ಷವರ್ಷವೂ ತೊಳೆದು, ಬಳಿದು, ಕಾಪಾಡುವ ಕೈಗಳಿದ್ದರೆ ಅದು ಮೊಮ್ಮಕ್ಕಳ ಕಾಲಕ್ಕೂ ವಿಮಾನವಾಗಿಯೇ ಉಳಿದೀತು. ಆ ಕೂಲಿಯನ್ನು ಉಳಿಸಹೊರಟರೆ, ಕಾನಪುರದಲ್ಲಿ ಸುತ್ತಿಗೆಯಿಂದ ಆದ ಕೆಲಸವನ್ನು ಇಲ್ಲಿ ಮಳೆಗಾಲಗಳೇ ಮಾಡಿ ಮುಗಿಸುವುವು.